ಬಾಲವಿಲ್ಲದ ಚೀಟಿ

ಚೆಂಬೂರು
12 ಜೂನ್ 1956

ನಂಜುಂಡ,

ಐದು ವರ್ಷದ ಮೇಲೆ ನನ್ನ ಅಕ್ಷರ ಕಂಡು ಗುರುತು ಹಿಡಿದೆಯೋ, ಇಲ್ಲ ಕೊನೆಯ ಸಹಿ ನೋಡಿದ ಮೇಲೆ ಗೊತ್ತಾಯಿತೋ? ಮುಲುಂಡಿಗೆ ಹೋಗುವ ಲೋಕಲ್‌ನಲ್ಲಿ ನಿನ್ನ ಭಾವಮೈದುನ ಸಿಕ್ಕಿದ್ದ. ನೀನು ಮೈಸೂರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತೀಯೆಂದ. ನಾನು ನಕ್ಕೆ. ಅವನು ನಗಲಿಲ್ಲ. ವಿಳಾಸ ಬರೆದುಕೊಂಡೆ.

ಕೆಲಸದ ಮಾತು ಮೊದಲು. ಮುಲುಂಡಿನ ಆಚೆ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯಲ್ಲಿ ನಮ್ಮ ಕಂಪನಿಯ ಹೊಸ ಪವರ್ ಹೌಸ್ ಏಳುತ್ತಿದೆ. ಅಲ್ಲಿ ಹುಟ್ಟಿದ ಕರೆಂಟು ಮುಕ್ಕಾಲು ಮೈಲಿ ದೂರದ ಸಬ್‌ಸ್ಟೇಷನ್ನಿಗೆ ಒಂದು ಲಕ್ಷ ಹತ್ತು ಸಾವಿರ ವೋಲ್ಟಿನಲ್ಲಿ ಹೋಗಬೇಕು. ಆ ಮುಕ್ಕಾಲು ಮೈಲಿಗೆ ಯಾವ ರಿಲೇ ಹಾಕಬೇಕೆಂದು ಆರಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಅಗ್ಗದ್ದು ಬೇಕೆಂದರೆ ಕರೆಂಟು ಹೆಚ್ಚಾದಾಗ ಒಂದೂವರೆ ಸೆಕೆಂಡು ಕಾದು ನೋಡಿ ಆಮೇಲೆ ಲೈನು ತೆಗೆಸುವಂಥದ್ದು. ಇಲ್ಲವೆಂದರೆ ಈ ತುದಿಗೂ ಆ ತುದಿಗೂ ಸಣ್ಣ ತಂತಿ ಎಳೆದು, ಇಲ್ಲಿ ಹೊರಟಿದ್ದು ಅಲ್ಲಿ ಮುಟ್ಟಿತೇ ಎಂದು ಎರಡೂ ಕಡೆ ಒಂದನ್ನೊಂದು ಕೇಳಿಕೊಳ್ಳುವಂಥದ್ದು.

ಸುಮಿತ್ರಾ ಮೊನ್ನೆ ಊಟಕ್ಕೆ ಬಡಿಸುತ್ತಾ, "ಅಲ್ಲಾ ರೀ, ಹದಿನೈದು ದಿವಸದಿಂದ ರಿಲೇ ರಿಲೇ ಅಂತ ಹಲುಬ್ತಾ ಇದ್ದೀರಲ್ಲ, ಹಾಗಂದ್ರೇನು?" ಎಂದಳು. "ಕರೆಂಟು ಕಾಯೋ ಕಾವಲುಗಾರ ಕಣೇ. ತಂತೀಲಿ ಏನಾದ್ರೂ ಎಡವಟ್ಟಾದ್ರೆ ಕಣ್ಣು ಮಿಟುಕಿಸೋದ್ರೊಳಗೆ ಬ್ರೇಕರಿಗೆ ಹೇಳಿ ಲೈನು ತೆಗೆಸುತ್ತೆ" ಎಂದೆ. "ಕಾವಲುಗಾರನೇ ಸುಮ್ಮನಿದ್ದುಬಿಟ್ರೆ?" ಎಂದಳು. ನಾನು ಮಜ್ಜಿಗೆಗೆ ಕಾಯದೆ ಎದ್ದೆ.

ರಿಲೇ ವಿಷಯದಲ್ಲಿ ನಾನು ನಿನ್ನ ಹತ್ತಿರಕ್ಕೂ ಬರುವವನಲ್ಲ. ಒಂದು ಸಾಲು ಬರೆ, ಸಾಕು. ಪರೇಲಿನ ಮಾತನ್ನು ನಾನು ಎತ್ತುವುದಿಲ್ಲ, ನೀನೂ ಎತ್ತಬೇಡ. ಪುಟ್ಟಲಕ್ಷ್ಮಿಯವರಿಗೆ ನಮಸ್ಕಾರ ತಿಳಿಸು.

ಇತಿ,
ನಿನ್ನ ಸತ್ಯಮೂರ್ತಿ


ಮೈಸೂರು
28 ಜೂನ್ 1956

ಪ್ರಿಯ ಸತ್ಯ,

ಎತ್ತಬೇಡ ಎಂದೆ. ಎತ್ತುತ್ತೇನೆ. ಐದು ವರ್ಷದಿಂದ ಪುಟ್ಟಲಕ್ಷ್ಮಿಗೂ ಹೇಳದೆ ಇಟ್ಟುಕೊಂಡಿರುವುದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಪರೇಲಿನ ಕಂಟ್ರೋಲ್ ರೂಮಿನಲ್ಲಿ ನಾನೇ ಮಾಡಿದ ಕಾನೂನು ನಿನಗೆ ಮರೆತಿರಲಾರದು. ರಿಲೇಯನ್ನು ಪರೀಕ್ಷೆ ಮಾಡುವಾಗ ಅದು ಸುಮ್ಮಸುಮ್ಮನೆ ಲೈನು ತೆಗೆಸದಿರಲೆಂದು ಅದರ ಎರಡು ಬೆಳ್ಳಿ ಬಿಲ್ಲೆಗಳ ನಡುವೆ ಕಾಗದದ ಚೀಟಿ ಸಿಕ್ಕಿಸುತ್ತಿದ್ದೆವು. ಚೀಟಿಗೆ ಬೆರಳುದ್ದ ಬಾಲವಿರಬೇಕು, ಬಾಲ ಹೊರಗೆ ಇಳಿಬಿದ್ದಿರಬೇಕು, ಅದರ ಮೇಲೆ ಹಾಕಿದವನ ಸಹಿ ಮತ್ತು ತಾರೀಕು ಇರಬೇಕು, ಹಾಕಿದವನೇ ತೆಗೆಯಬೇಕು. "ಬಾಲ ಇಲ್ಲದ ಚೀಟಿ ಹಾವಿಗಿಂತ ಕೆಟ್ಟದ್ದು ಕಣೋ" ಎಂದು ನಿನ್ನ ಕಿವಿ ತೂತಾಗುವಷ್ಟು ಹೇಳಿದ್ದೇನೆ.

ಅಪಘಾತದ ದಿನ ಬೆಳಿಗ್ಗೆ ಪರೀಕ್ಷೆ ಮಾಡಿದವನು ನಾನು. ಚೀಟಿ ತೆಗೆದೆನೆಂದೇ ನೆನಪು. ಆದರೆ ಸಂಜೆ ನಾಲ್ಕು ಹತ್ತಕ್ಕೆ ಸಿಡಿದ ಸದ್ದು ಕೇಳಿ ಓಡಿ ಬಂದಾಗ, ನೀನು ರಿಲೇಯ ಗಾಜಿನ ಮುಚ್ಚಳ ಹಾಕಿ ಮುಷ್ಟಿಯನ್ನು ಜೇಬಿಗೆ ತುರುಕಿದ್ದನ್ನು ಬಾಗಿಲಲ್ಲೇ ನಿಂತು ನೋಡಿದೆ. ಅಂದರೆ ಚೀಟಿ ಒಳಗೇ ಇತ್ತು. ನಾನು ತೆಗೆದಿರಲಿಲ್ಲ. ಹೊರಗೆ ಯಾರ್ಡಿನಲ್ಲಿ ತಂತಿ ಹೊತ್ತ ಪಿಂಗಾಣಿ ಸಿಡಿದಾಗ ರಿಲೇ ಎದ್ದಿದೆ, ನನ್ನ ಕಾಗದ ಅದರ ಬಾಯಿ ಕಟ್ಟಿದೆ, ಬೆಂಕಿ ಉರಿದಿದೆ, ಯಾರ್ಡಿನ ಆಳು ಕಾಂತಪ್ಪ ಅದರ ಕೆಳಗೇ ಸತ್ತಿದ್ದಾನೆ. ನೀನು ನನ್ನ ಮೇಲೆ ಒಂದು ಮಾತು ಬರದಂತೆ ನೋಡಿಕೊಂಡೆ. ವಿಚಾರಣೆಯಲ್ಲಿ ರಿಲೇ ಸರಿಯಿತ್ತು ಎಂದೆ. ಕಾಂತಪ್ಪನೇ ಕರೆಂಟು ಹರಿಯುತ್ತಿರುವಾಗ ಸ್ವಿಚ್ಚು ಎಳೆದ ಎಂದು ಅವರು ಬರೆದುಕೊಂಡರು. ನಾನು ಬಾಯಿ ಬಿಡಲಿಲ್ಲ. ನೀನು ನನ್ನನ್ನು ಉಳಿಸಿದೆ. ಆ ಋಣ ಹೇಳಲು ಕೂಡ ಧೈರ್ಯವಾಗದೆ ಊರು ಬಿಟ್ಟೆ.

ಗಡಿಯಾರ ನಿಂತುಹೋದರೆ ಯಾರೂ ಸಾಯುವುದಿಲ್ಲ. ಅದಕ್ಕೇ ಈ ಕಸುಬು. ಆದರೂ ಅಂಗಡಿಯ ಮುಂದೆ ಕರಾವಳಿಯ ಕಡೆಯವರು ಯಾರಾದರೂ ಮಾತಾಡಿಕೊಂಡು ಹೋದರೆ ಕೈಯಲ್ಲಿನ ಚಿಮಟ ಬೀಳುತ್ತದೆ. ಯಾರ್ಡಿಗೆ ಇಳಿಯುವ ಮೊದಲು ಕಾಂತಪ್ಪ ನಮ್ಮ ಕಿಟಕಿಗೆ ಮುಖ ಕೊಟ್ಟು ಕೂಗುತ್ತಿದ್ದನಲ್ಲ, "ನಾನು ಒಳಗಿದ್ದೇನೆ ಮಾರಾಯ್ರೇ, ನೆನಪುಂಟಲ್ಲ?" ಎಂದು. ಅದೇ ಧ್ವನಿ.

ನಿನ್ನ ಪ್ರಶ್ನೆಗೆ ಉತ್ತರ. ಎರಡು ತುದಿ ಕೇಳಿಕೊಳ್ಳುವ ರಿಲೇಯನ್ನೇ ಹಾಕು. ಆದರೆ ಅದೊಂದನ್ನೇ ನಂಬಬೇಡ. ಆ ಸಣ್ಣ ತಂತಿಯನ್ನು ರಸ್ತೆ ಅಗೆಯುವವನೊಬ್ಬ ಕಡಿದರೆ ಅದು ಕುರುಡು. ಬೇರೆ ಜಾತಿಯ ಎರಡನೆಯ ರಿಲೇ ಇರಲಿ, ಅದಕ್ಕೆ ಬೇರೆಯೇ ಬ್ಯಾಟರಿ ಇರಲಿ, ಬ್ರೇಕರಿಗೆ ಹೋಗುವ ದಾರಿಯೂ ಬೇರೆ ಇರಲಿ. ಎಲ್ಲಕ್ಕಿಂತ ಮುಖ್ಯ, ಚೀಟಿಯ ಬದಲು ಹಾಕುವ ಪರೀಕ್ಷೆಯ ಪ್ಲಗ್ ಒಳಗಿದ್ದರೆ ಮುಚ್ಚಳ ಕೂರದಂಥ ಪೆಟ್ಟಿಗೆಗಳು ಈಗ ಬಂದಿವೆಯಂತೆ, ಅವನ್ನೇ ತರಿಸು. ಕಾಗದಕ್ಕೆ ಜಾಗವಿಲ್ಲದಂಥದ್ದು.

ನಿನ್ನ
ನಂಜುಂಡ


ಚೆಂಬೂರು
24 ಜುಲೈ 1956

ಪ್ರಿಯ ನಂಜುಂಡ,

ನಿನ್ನ ಕಾಗದಕ್ಕೆ ಪೂರ್ತಿ ಉತ್ತರ ಬರೆಯಲು ಈಗ ಆಗುವುದಿಲ್ಲ. ಕೆಲಸದ ವಿಷಯ ಮಾತ್ರ ಬರೆಯುತ್ತೇನೆ.

ನೀನು ಹೇಳಿದ ಹಾಗೆಯೇ ಎರಡು ಸೆಟ್ಟು ಬರೆದುಕೊಟ್ಟೆ. ದೊಡ್ಡ ಸಾಹೇಬರು ಮೊದಲನೆಯದಕ್ಕೆ ಒಪ್ಪಿ, ಎರಡನೆಯದರ ಮೇಲೆ ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆದರು. "ಒಳ್ಳೆ ರಿಲೇ ಒಂದು ಸಾಕು. ನಮ್ಮ ಕಂಪನಿ ಹುಟ್ಟಿದಾಗಿನಿಂದ ರಿಲೇ ಕೈಕೊಟ್ಟ ಒಂದೇ ಒಂದು ಪ್ರಸಂಗ ತೋರಿಸಿ, ಆಗ ನೋಡೋಣ" ಎಂದರು. ಆಮೇಲೆ ಕಪಾಟಿನಿಂದ ಒಂದು ಫೈಲು ತೆಗೆದು ನನ್ನ ಮುಂದಿಟ್ಟರು. ಪರೇಲಿನ ವಿಚಾರಣೆಯ ವರದಿ. "ಅಂಥ ದೊಡ್ಡ ಅಪಘಾತದಲ್ಲೂ ರಿಲೇ ಸರಿಯೇ ಇತ್ತಲ್ಲ. ನೀವೇ ಬರೆದಿದ್ದೀರಿ." ಕೆಳಗೆ ನನ್ನ ಸಹಿ. ಶಾಯಿ ಇನ್ನೂ ಮಾಸಿಲ್ಲ.

ಯಾರ್ಡು ಖಾಡಿಗೆ ಎಷ್ಟು ಹತ್ತಿರವೆಂದರೆ ಗಾಳಿಯಲ್ಲಿ ಬರುವ ಉಪ್ಪು ಪಿಂಗಾಣಿಗಳ ಮೇಲೆ ಬಿಳಿಯಾಗಿ ಕೂರುತ್ತದೆ, ಬೆರಳಿನಿಂದ ಹೆಸರು ಬರೆಯಬಹುದು. ಅವನ್ನು ಒರೆಸಲು ಹದಿನಾರು ಜನರನ್ನು ತೆಗೆದುಕೊಂಡಿದ್ದಾರೆ. ಮೊನ್ನೆ ಅವರಲ್ಲೊಬ್ಬ, ಐತ ಎಂಬ ಕಾರ್ಕಳದವನು, ಏಣಿ ಹತ್ತುವ ಮೊದಲು ನನ್ನ ಕಡೆ ತಿರುಗಿ ಕೈಯೆತ್ತಿದ. ಅವನು ಏನೂ ಕೂಗಲಿಲ್ಲ. ನನಗೆ ಮಾತ್ರ ಕೇಳಿಸಿತು.

ಇನ್ನೊಂದು ವಿಷಯವಿದೆ. ನಾನು ದಿನಾ ಬೆಳಿಗ್ಗೆ ತಿಂಡಿ ತಿನ್ನುವುದು ರೈಲ್ವೆ ಸ್ಟೇಷನ್ನಿನ ಎದುರಿನ ಮೋನಪ್ಪನ ಹೋಟೆಲಿನಲ್ಲಿ. ಇಡ್ಲಿ ಹೂವಿನ ಹಾಗೆ ಇರುತ್ತದೆ. ಹಿಟ್ಟು ರುಬ್ಬುವುದು ಯಾರು ಎಂದು ಸುಮ್ಮನೆ ಕೇಳಿದೆ. "ನಮ್ಮ ಕಾಪುವಿನ ಹೆಂಗಸು ಸಾರ್, ಸೇವಂತಿ ಅಂತ. ಪಾಪ, ಗಂಡ ಕರೆಂಟಿನಲ್ಲಿ ಹೋದದ್ದು" ಎಂದ. ಅಷ್ಟರಲ್ಲಿ ಅವಳೇ ಪಾತ್ರೆ ಇಳಿಸಲು ಬಂದಳು. ಕಾಂತಪ್ಪನ ಹೆಂಡತಿ. ನನ್ನನ್ನು ಗುರುತಿಸಿದಳು. ಎದ್ದು ಹೋಗಲು ಆಗಲಿಲ್ಲ.

"ಆಟಿ ತಿಂಗಳಲ್ಲವಾ ಸಾರ್, ನಮ್ಮಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಅತ್ತೆ ಊರಲ್ಲಿ ಬಡಿಸ್ತಾರೆ, ನಾನು ಇಲ್ಲಿ ಚಾಳಿನಲ್ಲಿ ಬಡಿಸ್ತೇನೆ. ಆಫೀಸಿನ ಕಾಗದದಲ್ಲಿ ಅವರದ್ದೇ ತಪ್ಪು ಅಂತ ಬರೆದಿದ್ದಾರಲ್ಲ, ಅತ್ತೆ ಎಲೆಯ ಮುಂದೆ ಕೂತು ಅದನ್ನೇ ಕೇಳುವುದಂತೆ, 'ಹೌದಾ ಮಗಾ, ನೀನೇ ಕೈ ತಪ್ಪಿದ್ದಾ?' ಅಂತ. ನೀವು ಅಲ್ಲಿದ್ದಿರಲ್ಲ ಸಾರ್. ಅವರು ಹಾಗೆ ಮಾಡುವ ಜನವಾ?"

ನಾನು ಲೋಕಲ್‌ಗೆ ಹೊತ್ತಾಯಿತು ಎಂದೆ.

ನಿನ್ನ
ಸತ್ಯಮೂರ್ತಿ


ಮೈಸೂರು
6 ಆಗಸ್ಟ್ 1956

ಪ್ರಿಯ ಸತ್ಯ,

ನಿನ್ನ ಸಾಹೇಬರು ಒಂದು ಪ್ರಸಂಗ ಕೇಳಿದ್ದಾರೆ. ಅದು ನಮ್ಮ ಬಳಿ ಇದೆ. ನನ್ನ ಬಳಿ ಇದೆ ಎನ್ನಬೇಕು.

ಇದರ ಜೊತೆಗೆ ಒಂದು ಹೇಳಿಕೆ ಇಟ್ಟಿದ್ದೇನೆ. ಪರೀಕ್ಷೆಯ ಚೀಟಿಯನ್ನು ರಿಲೇಯಲ್ಲಿ ಮರೆತವನು ನಾನು, ಕಾಂತಪ್ಪನ ಕೈ ತಪ್ಪಿರಲಿಲ್ಲ ಎಂದು ಸ್ಪಷ್ಟವಾಗಿ ಬರೆದು ಸಹಿ ಮಾಡಿದ್ದೇನೆ. ಸಾಕ್ಷಿಗೆ ಪಕ್ಕದ ವಕೀಲರ ಸಹಿಯೂ ಇದೆ. ನೀನು ಚೀಟಿ ತೆಗೆದದ್ದನ್ನು ಬರೆದಿಲ್ಲ, ನಿನ್ನ ಹೆಸರೇ ಅದರಲ್ಲಿಲ್ಲ. ಫೈಲಿಗೆ ಸೇರಿಸು. ಎರಡನೆಯ ರಿಲೇ ಬರುತ್ತದೆ, ಆ ಹದಿನಾರು ಜನಕ್ಕೆ ಕಾವಲಾಗುತ್ತದೆ. ಆ ಹೆಂಗಸಿಗೂ ಅವಳ ಅತ್ತೆಗೂ ಉತ್ತರ ಸಿಗುತ್ತದೆ.

ಪುಟ್ಟಲಕ್ಷ್ಮಿಗೆ ನಿನ್ನೆ ಹೇಳಿದೆ. "ಐದು ವರ್ಷ ಇದನ್ನ ಹೊಟ್ಟೇಲಿಟ್ಕೊಂಡು ನನ್ ಪಕ್ಕದಲ್ಲೇ ಮಲಗಿದ್ರಾ?" ಎಂದಳು. ಆಗಿನಿಂದ ನನ್ನನ್ನು ಹೊಸಬನನ್ನು ನೋಡುವ ಹಾಗೆ ನೋಡುತ್ತಾಳೆ. ಇರಲಿ. ನನಗೇನಾದರೂ ಆಗಲಿ, ನೀನು ಹಿಂದುಮುಂದು ನೋಡಬೇಡ.

ನಿನ್ನ
ನಂಜುಂಡ


ಚೆಂಬೂರು
30 ಸೆಪ್ಟೆಂಬರ್ 1956

ನಂಜುಂಡ,

ನಿನ್ನ ಹೇಳಿಕೆ ಐವತ್ತು ದಿನದಿಂದ ನನ್ನ ಬಳಿ ಇದೆ. ಈ ತಿಂಗಳ ಹನ್ನೊಂದನೆಯ ತಾರೀಕು ಮಧ್ಯಾಹ್ನ ಅದನ್ನು ಫೈಲಿಗೆ ಸೇರಿಸಿ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಊಟಕ್ಕೆ ಹೋಗಿದ್ದರು. ಅರ್ಧ ಗಂಟೆ ನಾನು ಎಷ್ಟು ಹಗುರವಾಗಿದ್ದೆನೆಂದು ಹೇಳಿದರೆ ನೀನು ಅಸಹ್ಯಪಡುತ್ತೀಯ. ಸೀಟಿ ಊದಿದೆ ಕಣೋ. ಅವರು ಬರುವಷ್ಟರಲ್ಲಿ ಹೋಗಿ ಫೈಲು ವಾಪಸು ತಂದೆ.

ನೀನು ಮರೆಯಲಿಲ್ಲ. ಕೇಳಿಸಿತೇ? ನೀನು ಚೀಟಿ ಮರೆಯಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ನೀನು ಅದನ್ನು ಬಾಲ ಹಿಡಿದು ಎಳೆದು, ಸಹಿ ಹೊಡೆದುಹಾಕಿ, ನನ್ನ ಕಣ್ಣೆದುರೇ ಬುಟ್ಟಿಗೆ ಎಸೆದೆ. ನಿನ್ನ ಚೀಟಿ ಯಾವಾಗಲೂ ನಕ್ಷೆಯ ನೀಲಿ ಕಾಗದದ್ದು. ಈ ಲಕೋಟೆಯಲ್ಲಿರುವುದನ್ನು ನೋಡು. ಬಿಳಿ. ಗೋಡೆಯ ಕ್ಯಾಲೆಂಡರಿನ ಅಂದಿನ ಹಾಳೆಯಿಂದ ಹರಿದದ್ದು, ತಾರೀಕಿನ ಅರ್ಧ ಅಂಕಿ ಅದರಲ್ಲೇ ಇದೆ. ಹರಿದವನು ನಾನು.

ನೀನು ಸ್ಟೋರಿಗೆ ಹೋದ ಮೇಲೆ ರಿಲೇ ಎರಡು ಸಲ ಕಾರಣವಿಲ್ಲದೆ ಲೈನು ತೆಗೆಯಿತು. ಒಂದೂವರೆಗೊಮ್ಮೆ, ಎರಡೂಮುಕ್ಕಾಲಿಗೊಮ್ಮೆ. ಮಿಲ್ಲುಗಳ ಮ್ಯಾನೇಜರರೆಲ್ಲ ಫೋನಿನಲ್ಲಿ ನನ್ನ ಮಾನ ಕಳೆದರು. ಐದಕ್ಕೆ ಪಾಳಿ ಬದಲಾಗುವವರೆಗೆ ಸುಮ್ಮನಿರಲಿ, ಆಮೇಲೆ ನಂಜುಂಡ ಬಂದು ನೋಡಲಿ ಎಂದು ಚೀಟಿ ಸಿಕ್ಕಿಸಿದೆ. ಬಾಲ ಬಿಡಲಿಲ್ಲ. ಬಾಲ ಬಿಟ್ಟರೆ ನೀನು ಬಾಗಿಲಿನಿಂದಲೇ ನೋಡಿ ಬಯ್ಯುತ್ತಿದ್ದೆ. ನಿನ್ನ ಬೈಗುಳಕ್ಕೆ ಹೆದರಿ ಬಾಲ ಕತ್ತರಿಸಿದೆ ನಂಜುಂಡ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಏನಾದರೂ ಇದ್ದಿದ್ದರೆ ಚೆನ್ನಾಗಿತ್ತು.

ನಾಲ್ಕು ಗಂಟೆಗೆ ಕಾಂತಪ್ಪ ಕಿಟಕಿಯ ಕೆಳಗೆ ಬಂದು ಕೂಗಿದ. ನಾನು "ಹ್ಞೂಂ, ಹೋಗು" ಎಂದೆ. ಆಗಲೂ ಚೀಟಿ ತೆಗೆಯಬೇಕೆಂದು ಹೊಳೆಯಲಿಲ್ಲ. ನಾಲ್ಕು ಹತ್ತಕ್ಕೆ ಪಿಂಗಾಣಿ ಸಿಡಿಯಿತು. ರಿಲೇ ಟಕ್ ಎಂದದ್ದು ಕೇಳಿಸಿತು. ಬ್ರೇಕರ್ ಅಲುಗಲಿಲ್ಲ. ದೂರದ ಸ್ಟೇಷನ್ನಿನವರು ಲೈನು ತೆಗೆಯುವವರೆಗೆ ಎಂಟೋ ಒಂಬತ್ತೋ ಸೆಕೆಂಡು ಬೆಂಕಿ ಉರಿಯಿತು. ಅಷ್ಟು ಹೊತ್ತೂ ನಾನು ನಿಂತಿದ್ದು ರಿಲೇಯ ಮುಂದೆ. ಆಮೇಲೂ ಯಾರ್ಡಿಗೆ ಓಡಲಿಲ್ಲ, ಮೊದಲು ಚೀಟಿ ತೆಗೆದೆ.

ಚೀಟಿಯ ಎರಡೂ ಮೈ ನೋಡು. ಸಾಸಿವೆಯಷ್ಟು ತಗ್ಗು ಇದೆ. ರಿಲೇ ಒತ್ತಿದ ಗುರುತು. ಪಾಪ, ಅದು ತನ್ನ ಕೆಲಸ ಮಾಡಿತ್ತು. ಐದು ವರ್ಷದಿಂದ ಇದನ್ನು ಯಾಕೆ ಸುಡಲಿಲ್ಲವೆಂದು ಕೇಳಬೇಡ. ಸುಡಲು ಕಡ್ಡಿ ಗೀರಿದಾಗಲೆಲ್ಲ ಅವನು ಕೂಗುತ್ತಾನೆ.

ನೀನು ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಿತ್ತು. ನೀನು ಏನೆಂದುಕೊಂಡೆ ಎನ್ನುವುದೂ ಗೊತ್ತಿತ್ತು. ನೀನು ರಾಜೀನಾಮೆ ಕೊಟ್ಟಾಗ ವಿ.ಟಿ. ಸ್ಟೇಷನ್ನಿಗೆ ಬಂದು ನಿನ್ನನ್ನು ರೈಲು ಹತ್ತಿಸಿದೆ. ಬಾಳೆಹಣ್ಣು ಕೊಡಿಸಿದೆ.

ಸತ್ಯಮೂರ್ತಿ


ಚೆಂಬೂರು
18 ನವೆಂಬರ್ 1956

ನಂಜುಂಡ,

ನಿನ್ನಿಂದ ಉತ್ತರವಿಲ್ಲ. ನಿರೀಕ್ಷೆಯೂ ಇಲ್ಲ. ಆದರೂ ಆದದ್ದನ್ನು ನಿನಗೆ ತಿಳಿಸಬೇಕು.

ನಿನ್ನ ಹೇಳಿಕೆಯನ್ನು ಹರಿದುಹಾಕಿ ನನ್ನದನ್ನು ಬರೆದುಕೊಟ್ಟೆ. ಸಾಹೇಬರು ಓದಿ ಕನ್ನಡಕ ತೆಗೆದಿಟ್ಟರು. ಚೀಟಿ ಎಲ್ಲಿ ಎಂದರು. ನಂಜುಂಡನ ಬಳಿ ಇದೆ ಎಂದೆ. ಹಳೆಯ ವಿಚಾರಣೆ ಮತ್ತೆ ತೆರೆದಿದೆ. "ನೌಕರನ ತಪ್ಪು" ಎಂಬ ಸಾಲು ಹೊಡೆದುಹೋಗಿದೆ. ಎರಡನೆಯ ರಿಲೇಗೆ ಒಪ್ಪಿಗೆ ಸಿಕ್ಕಿತು. ಬೇರೆ ಬ್ಯಾಟರಿ, ಬೇರೆ ದಾರಿ, ಪ್ಲಗ್ ಇದ್ದರೆ ಮುಚ್ಚಳ ಕೂರದ ಪೆಟ್ಟಿಗೆ, ಎಲ್ಲ ನೀನು ಹೇಳಿದ ಹಾಗೆ. ನನ್ನನ್ನು ಆರಂಭದ ಪರೀಕ್ಷೆ ಮುಗಿಯುವವರೆಗೆ ಮಾತ್ರ ಇಟ್ಟುಕೊಳ್ಳುತ್ತಾರೆ. ಆಮೇಲೆ ಏನೆಂದು ಹೇಳಿಲ್ಲ. ಸುಮಿತ್ರಾ ತವರಿಗೆ ಹೋಗಿದ್ದಾಳೆ.

ಸೇವಂತಿಯ ಚಾಳಿಗೂ ಹೋದೆ. ಮಧ್ಯಾಹ್ನ ರುಬ್ಬುತ್ತಾ ಕೂತಿದ್ದಳು. ಎಲ್ಲ ಹೇಳಿದೆ. ಕಲ್ಲು ತಿರುಗುತ್ತಲೇ ಇತ್ತು. ಕೊನೆಗೆ ಕೇಳಿದಳು:

"ಅವರು ಆ ದಿನ ಕೂಗಿದ್ರಾ?"

"ಕೂಗಿದ್ದ."

"ನಿಮಗೆ ಕೇಳಿತ್ತಾ?"

"ಕೇಳಿತ್ತು. ಹ್ಞೂಂ ಅಂದಿದ್ದೆ."

ಆಗ ಕಲ್ಲು ನಿಂತಿತು. "ಹಾಗಾದರೆ ಅವರು ಎಲ್ಲ ಸರಿಯಾಗಿಯೇ ಮಾಡಿದ್ದಾರೆ" ಎಂದಳು. ಕೈ ತೊಳೆದುಕೊಂಡು ಒಂದು ಹಾಳೆ ತಂದಳು. "ಇಂಗ್ಲಿಷಿನಲ್ಲಿ ಬೇಡ. ಅತ್ತೆಗೆ ಓದಿ ಹೇಳುವ ಹಾಗೆ ಕನ್ನಡದಲ್ಲಿ ಬರೆಯಿರಿ." ಬರೆದೆ. ಮಗಳು ವಸಂತಿ ಅದನ್ನು ಗಟ್ಟಿಯಾಗಿ ಓದಿದಳು. ಮರಾಠಿ ಶಾಲೆಗೆ ಹೋಗುವ ಮಗು, ಕನ್ನಡ ತಡವರಿಸುತ್ತದೆ. "ನಿಮ್ಮ ಮಗನ ಕೈ ತಪ್ಪಿರಲಿಲ್ಲ" ಎಂಬ ಸಾಲಿನಲ್ಲಿ ಎರಡು ಸಲ ನಿಂತಳು. ಎರಡು ಸಲವೂ ತಾಯಿ ಮೊದಲಿನಿಂದ ಓದಿಸಿದಳು.

ಹೊರಡುವಾಗ, "ಸಾರ್, ಇನ್ನು ಮೋನಪ್ಪಣ್ಣನ ಹೋಟೆಲಿಗೆ ಬರಬೇಡಿ. ನಾನು ರುಬ್ಬಿದ್ದನ್ನು ನೀವು ತಿನ್ನುವುದು ಬೇಡ" ಎಂದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹೇಳಿಬಿಟ್ಟರೆ ಅವನ ಧ್ವನಿ ನಿಲ್ಲುತ್ತದೆಂದುಕೊಂಡಿದ್ದೆ. ನಿಂತಿಲ್ಲ. ದಿನಾ ನಾಲ್ಕು ಗಂಟೆಗೆ ಸರಿಯಾಗಿ ಕಿಟಕಿಯ ಕಡೆ ನೋಡುತ್ತೇನೆ.

ಸತ್ಯಮೂರ್ತಿ


ಮೈಸೂರು
2 ಫೆಬ್ರವರಿ 1957

ಸತ್ಯಮೂರ್ತಿ,

ನಾಲ್ಕು ಕಾಗದ ಬರೆದು ಹರಿದೆ. ಇದು ಐದನೆಯದು.

ಮಾಡದ ಕೊಲೆಯೊಂದನ್ನು ಹೊತ್ತು ಐದು ವರ್ಷ ಕಳೆದೆ. ನಿನ್ನನ್ನು ದೇವರ ಸಮಾನ ಅಂದುಕೊಂಡಿದ್ದೆ. ಪುಟ್ಟಲಕ್ಷ್ಮಿ ನಿನ್ನ ಕಾಗದ ಓದಿ ಅತ್ತಳು, ಆಮೇಲೆ ನಿನಗೆ ಶಾಪ ಹಾಕಿದಳು. ನಾನು ತಡೆಯಲಿಲ್ಲ. ಕ್ಷಮಿಸಿದ್ದೇನೆ ಎಂದು ಬರೆಯಲು ಕುಳಿತರೆ ಬಾಳೆಹಣ್ಣು ನೆನಪಾಗುತ್ತದೆ.

ಚೀಟಿಯನ್ನು ವಾಪಸು ಕಳಿಸಿದ್ದೇನೆ. ಅದರ ಮೇಲೆ ನಿನ್ನ ಸಹಿ ಮತ್ತು ಆ ದಿನದ ತಾರೀಕು ಹಾಕಿ ಫೈಲಿಗೆ ಸೇರಿಸು. ಹಾಕಿದವನ ಸಹಿ ಇರಲೇಬೇಕು.

ರಿಲೇಗಳು ಹಡಗಿನಿಂದ ಇಳಿದವೆಂದು ನಿನ್ನ ಸಾಹೇಬರು ನನಗೆ ಬರೆದಿದ್ದರು. ಪರೀಕ್ಷೆಗೆ ಬರುತ್ತೀರಾ ಎಂದು ಕೇಳಿದ್ದಾರೆ. ಬರುತ್ತೇನೆ ಎಂದು ನಿನ್ನೆ ತಂತಿ ಕೊಟ್ಟೆ. ಇಲ್ಲಿ ಅಂಗಡಿಯ ಬಾಗಿಲು ಮುಚ್ಚಿದೆ. ಗಡಿಯಾರಗಳನ್ನು ಅವರವರ ಮನೆಗೆ ಮುಟ್ಟಿಸಿದೆ.

ಪರೀಕ್ಷೆಯ ದಿನ ಲೈನು ಜೀವದಲ್ಲಿರುವಾಗ ಪಿಂಗಾಣಿಗಳ ಕೆಳಗೆ ಒಬ್ಬರು ನಿಂತು ಕಣ್ಣಿಟ್ಟು ನೋಡಬೇಕಾಗುತ್ತದೆ. ಆ ಹದಿನಾರು ಜನರಲ್ಲಿ ಯಾರನ್ನೂ ಕಳಿಸಬೇಡ. ನೀನೇ ನಿಲ್ಲು. ನಾನು ಕಂಟ್ರೋಲ್ ರೂಮಿನಲ್ಲಿ ರಿಲೇಗಳ ಮುಂದೆ ಇರುತ್ತೇನೆ. ಕಿಟಕಿ ತೆರೆದಿರುತ್ತದೆ.

ಯಾರ್ಡಿಗೆ ಇಳಿಯುವ ಮೊದಲು ಕಿಟಕಿಯ ಕೆಳಗೆ ಬಂದು ನಿಂತು ಕಾಂತಪ್ಪ ಕೂಗುತ್ತಿದ್ದ ಹಾಗೆ, ಅದೇ ಮಾತಿನಲ್ಲಿ, ಗಟ್ಟಿಯಾಗಿ ಕೂಗು. ನಾನು ಎದ್ದು, ಎರಡೂ ಮುಚ್ಚಳ ಕೂತಿವೆಯೇ ಎಂದು ಕೈಯಿಂದ ಮುಟ್ಟಿ ನೋಡಿ, ಆಮೇಲೆ ಹ್ಞೂಂ ಎನ್ನುತ್ತೇನೆ. ಅಲ್ಲಿಯವರೆಗೆ ಒಳಗೆ ಕಾಲಿಡಬೇಡ.

ನಂಜುಂಡ